ಬೀಸುಕಲ್ಲಿನ ಪದದ ಮೂರನೆಯ ನುಡಿ

ಬೆಂಗಳೂರು

ಪ್ರೀತಿಯ ಅಜ್ಜಿ,

ಕಳಕೇಶಣ್ಣ ಈ ಪತ್ರ ಓದಿ ಹೇಳುತ್ತಾನೆ. ನನ್ನ ಧಾರಾವಾಹಿ ನೋಡಿ ನೀನು, “ಮಾರಿ ನಮ್ಮ ರಾಜೀದ ಐತಿ, ದನಿ ಮಾತ್ರ ಬ್ಯಾರೇ ಯಾರ್ದೋ” ಅಂದೆಯಂತೆ. ಖರೇ, ಅಜ್ಜಿ. ಶ್ರೀಮಂತರ ಮನೆಯ ಸೊಸೆಯ ಪಾತ್ರಕ್ಕೆ ನಮ್ಮ ಕಡೆಯ ಮಾತು ಒಪ್ಪುವುದಿಲ್ಲವಂತೆ. ಬೇರೊಬ್ಬಳಿಂದ ಮಾತಾಡಿಸುತ್ತಾರೆ, ನಾನು ಬರೀ ತುಟಿ ಆಡಿಸುತ್ತೇನೆ.

ಅಭಿನಯ ನನಗೆ ಇಷ್ಟ, ಬಿಡುವುದಿಲ್ಲ. ಆದರೆ ಶೂಟಿಂಗ್ ಇಲ್ಲದ ದಿನ ಹಾಡು ರೆಕಾರ್ಡ್ ಮಾಡುತ್ತಿದ್ದೇನೆ. ನಮ್ಮೂರು ಸೂಡಿಯ ಮನೆಯಲ್ಲಿ ನೀನು ಬೀಸುತ್ತ ಹಾಡುತ್ತಿದ್ದ ಪದದ ಮೂರನೆಯ ನುಡಿ ಮರೆತಿದೆ. ಅಣ್ಣನ ಫೋನಿನಲ್ಲಿ ಹಾಡಿ ಕಳಿಸು. ಸುಮ್ಮನೆ ಕುಳಿತರೆ ನಿನಗೂ ನೆನಪಾಗುವುದಿಲ್ಲ. ಕಲ್ಲಿಗೆ ಒಂದು ಹಿಡಿ ಜೋಳ ಹಾಕಿಕೋ.

ಹಾಡು ಮುಗಿದ ಕೂಡಲೇ ಮೊದಲು ನಿನಗೇ ಕೇಳಿಸುತ್ತೇನೆ. ಅದರಲ್ಲಿ ನನ್ನ ಮುಖ ಇರುವುದಿಲ್ಲ. ಗುರುತು ಹಿಡಿಯುತ್ತೀಯಲ್ಲ?

ನಿನ್ನ ಮೊಮ್ಮಗಳು,
ರಾಜೇಶ್ವರಿ