ನೀರುಗಂಟಿ ಮನೆಯ ಒಳನಾಳ

ನೆರಳುಕುಂಟೆ,
ಬಿರುಬಿಸಿಲ ತಿಂಗಳ ನಲವತ್ತೊಂದನೇ ದಿನ,
ಕೆರೆ ಬತ್ತಿದ ನೂರ ಎಂಟನೇ ವರ್ಷ.

ನಮಗಿಂತ ಮೊದಲು ಬಾಳಿದವರಿಗೆ,

ನಾನು ಮುನಿಗಂಗಮ್ಮ. ಪಿಳ್ಳಮುನಿಯಪ್ಪನ ಮಗಳು, ಮೊನ್ನೆಯವರೆಗೆ ನೆರಳುಕುಂಟೆಯ ನೀರುಗಂಟಿ. ಮೂವತ್ತೆಂಟು ವರ್ಷ ಈ ಊರಿನ ನೀರನ್ನು ನನ್ನ ಕೈಯಿಂದ ಹಂಚಿದ್ದೇನೆ. ನಾನು ಕಟ್ಟೆಯ ಮೇಲೆ ನಿಂತರೆ ಜಗಳವಾಡುವವರು ಸುಮ್ಮನಾಗುತ್ತಿದ್ದರು. ಊರಿನ ಮದುವೆಯ ಮಾತುಗಳು ನನ್ನ ಜಗಲಿಯಲ್ಲೇ ಮುಗಿಯುತ್ತಿದ್ದವು. ಓದಿದ್ದು ಹತ್ತನೇ ತರಗತಿಯವರೆಗೆ. ತಾರೀಖು ಕಂಡು ಗಾಬರಿಯಾಗಬೇಡಿ. ನಮ್ಮಲ್ಲಿ ಬಿಸಿಲು ತಗ್ಗುವವರೆಗೆ ತಿಂಗಳು ಮುಗಿಯುವುದಿಲ್ಲ. ಕೆಲವು ಮಾತುಗಳು ನಿಮಗೆ ಹೊಸವೆನಿಸಿದರೆ ಮನ್ನಿಸಿ, ಅವುಗಳ ಅರ್ಥವನ್ನು ದಾರಿಯಲ್ಲೇ ಹೇಳುತ್ತೇನೆ.

ನಮ್ಮ ಊರಿಗೆ ಈಗ ಕೆರೆಯಿಲ್ಲ. ಬೆಟ್ಟದ ನೆತ್ತಿಯಲ್ಲಿ ಬಲೆಗಳನ್ನು ಕಟ್ಟಿ ಬೆಳಗಿನ ಮಂಜನ್ನು ಹಿಡಿಯುತ್ತೇವೆ. ಅವನ್ನು ಮಂಜುಬಲೆ ಎನ್ನುತ್ತೇವೆ. ಬಲೆಯಿಂದ ಇಳಿದ ಹನಿಗಳು ನೆಲದೊಳಗಿನ ಕಲ್ಲಿನ ತೊಟ್ಟಿಗೆ ಸೇರುತ್ತವೆ, ಅದು ತಣಿಗಟ್ಟೆ. ಅಲ್ಲಿಂದ ಮಣ್ಣಿನಡಿಯ ನಾಳಗಳಲ್ಲಿ ಏಳು ಸಾಲು ಮನೆಗಳಿಗೆ ನೀರು ಹೋಗುತ್ತದೆ. ಬೀದಿಗಳ ಮೇಲೆ ಬಟ್ಟೆಯ ಚಾವಣಿ ಎಳೆದಿರುವುದರಿಂದ ಮಧ್ಯಾಹ್ನವೂ ಹೆಂಗಸರು ಹೊರಗೆ ಕೂತು ರಾಗಿ ಹಸನು ಮಾಡಬಹುದು. ಹೆಣ್ಣುಮಕ್ಕಳಿಗೆ ಬತ್ತಿದ ನದಿಗಳ ಹೆಸರಿಡುವುದು ಇಲ್ಲಿನ ರೂಢಿ. ನನ್ನ ಮೊಮ್ಮಗಳು ಚಿತ್ರಾವತಿ. ಪ್ರತಿ ಸಾಲಿನ ಬಾಯಲ್ಲಿ ಒಂದು ತಿರುಪು ಇದೆ. ಗೋಲು ಎಂದು ನಾವು ಕರೆಯುವ ಎದೆಯುದ್ದದ ಕಬ್ಬಿಣದ ಕೋಲಿನಿಂದ ಅದನ್ನು ತಿರುಗಿಸಿ ನೀರು ಬಿಡುವವರೇ ನೀರುಗಂಟಿ. ಅವರ ಮನೆ ತಣಿಗಟ್ಟೆಯ ಮೇಲೆಯೇ ಇರುತ್ತದೆ. ಆದರೆ ಏಳೂ ಸಾಲು ತುಂಬಿದ ಮೇಲೆ, ಮಿಕ್ಕಿದ್ದರೆ ಮಾತ್ರ, ಆ ಮನೆಗೆ ನೀರು. ಬೇರೆಲ್ಲ ಕಟ್ಟಳೆ ಬದಲಾದರೂ ಇದು ಬದಲಾಗಿಲ್ಲ.

ಅಪ್ಪ ಬರಿಗಾಲಲ್ಲೇ ನಡೆಯುತ್ತಿದ್ದ. ನಾಳದ ಮೇಲೆ ಅಂಗಾಲಿಟ್ಟರೆ ಒಳಗೆ ನೀರು ಹರಿಯುವುದು ಅವನಿಗೆ ತಿಳಿಯುತ್ತಿತ್ತು. ಎಲ್ಲಿ ಸೋರುತ್ತಿದೆ, ಎಲ್ಲಿ ಕಟ್ಟಿಕೊಂಡಿದೆ ಎಂದು ನಿಂತಲ್ಲೇ ಹೇಳುತ್ತಿದ್ದ. ಹಿಮ್ಮಡಿಯ ಬಿರುಕುಗಳಲ್ಲಿ ಕಡಲೆಕಾಳು ನಿಲ್ಲುವಂತಿತ್ತು. ಜ್ವರವಿದ್ದರೂ ಗೋಲು ಬೇರೆಯವರ ಕೈಗೆ ಕೊಟ್ಟವನಲ್ಲ. ಬೆಳಕು ಹರಿಯುವಾಗ ಹೊರಟು, ಏಳನೇ ಸಾಲಿನ ಕೊನೆಯ ಮನೆಯ ಕೊಡ ತುಂಬುವುದನ್ನು ಕಣ್ಣಾರೆ ಕಂಡು, ಬಿಸಿಲೇರಿದ ಮೇಲೆ ಬರುತ್ತಿದ್ದ. ಅಷ್ಟರಲ್ಲಿ ಅವ್ವನ ತಾಳ್ಮೆ ಮುಗಿದಿರುತ್ತಿತ್ತು. “ಕಟ್ಟೆ ಮ್ಯಾಲೆ ಮನೆ, ಕೊಡ ಮಾತ್ರ ಬಣಬಣ! ಯಾವ ಸೀಮೆ ನೀರುಗಂಟೀನೋ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗುವಳು. ಅಪ್ಪ ಕಾಲಿನ ಧೂಳು ಒದರುತ್ತ, “ಬಡ್ಸೋ ಕೈ ಮೊದ್ಲು ಉಂಡ್ರೆ ಪಂಕ್ತಿಲಿ ಕೂತೋರ್ಗೆ ಏನ್ ಮಿಕ್ತದೆ?” ಎನ್ನುವನು. ನನಗೆ ಆಗ ಅವನ ಮೇಲೆ ಸಿಟ್ಟು ಬರುತ್ತಿತ್ತು. ಶಾಲೆಗೆ ಮುಖ ತೊಳೆಯದೆ ಹೋಗುತ್ತಿದ್ದ ಹುಡುಗಿ ನಾನೊಬ್ಬಳೇ.

ಅಪ್ಪ ಮಲಗಿದ ವರ್ಷ ಗೋಲು ನನ್ನ ಕೈಗೆ ಬಂತು. ಮಂಜು ಸರಿಯಾಗಿ ಇಳಿಯದ ವರ್ಷ ಅದು. ಮೈಯೆಲ್ಲ ಹುಣ್ಣಾಗಿದ್ದ ಅವನನ್ನು ಒರೆಸಲು ಒಂದು ಚೊಂಬು ನೀರೂ ಮಿಗುತ್ತಿರಲಿಲ್ಲ. ಒಂದು ವಾರ ನೋಡಿದೆ. ಆಮೇಲೆ ಅಡಿಗೆಮನೆಯ ಒರಳುಕಲ್ಲಿನ ಕೆಳಗೆ ನಾನೇ ಅಗೆದು, ಒಂದನೇ ಸಾಲಿಗೂ ಮೊದಲೇ ನೀರು ಸೇದುವಂತೆ ಬೆರಳು ಗಾತ್ರದ ನಾಳವೊಂದನ್ನು ಕೂಡಿಸಿದೆ. ಮರುದಿನ ಬೆಳಿಗ್ಗೆ ಕೊಡಕ್ಕೆ ನೀರು ಬೀಳುವ ಸದ್ದಿಗೆ ಅಪ್ಪ ಕಣ್ಣು ತೆರೆದ. “ಏಳನೇ ಸಾಲ್ಗೆ ಹೋಯ್ತೇನಮ್ಮಾ?” ಎಂದು ಕೇಳಿದ. ಇನ್ನೂ ಸೂರ್ಯ ಹುಟ್ಟಿರಲಿಲ್ಲ. “ಹೋಯ್ತಪ್ಪ” ಎಂದೆ. ಅವನು ನನ್ನ ಮುಖವನ್ನೇ ನೋಡುತ್ತ ಎರಡು ಗುಟುಕು ಕುಡಿದ. ನಂಬಿ ಕುಡಿದನೋ, ಮಗಳ ಮಾನ ಉಳಿಸಲೆಂದು ಕುಡಿದನೋ, ಇವತ್ತಿಗೂ ನನಗೆ ತಿಳಿಯದು. ನಾಲ್ಕನೇ ದಿನ ತೀರಿಕೊಂಡ.

ಅವನಿಗಾಗಿ ಹಾಕಿದ ನಾಳವನ್ನು ಅವನೊಂದಿಗೆ ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಮೊದಲು ಬಾಣಂತನ ಎಂದುಕೊಂಡೆ, ಆಮೇಲೆ ಮಕ್ಕಳ ಸ್ನಾನ ಎಂದುಕೊಂಡೆ, ಕೊನೆಗೆ ಕಾರಣ ಹುಡುಕುವುದನ್ನೇ ಬಿಟ್ಟೆ. ನಮ್ಮ ಮನೆಗೆ ಮೊದಲೇ ಹೋದ ನೀರು ಏಳನೇ ಸಾಲಿನ ತುದಿಯಲ್ಲಿ ಕಡಿಮೆಯಾಗುತ್ತಿತ್ತು. ಬಿಸಿಲು ಹೆಚ್ಚಾದ ವರ್ಷಗಳಲ್ಲಿ ಆ ತುದಿಯ ಎರಡು ಮನೆಯವರು ಊರು ಬಿಟ್ಟರು. ಬಲೆಗಳು ಹಳತಾಗಿವೆ ಎಂದು ನಾನೇ ಸಭೆಯಲ್ಲಿ ಹೇಳಿದೆ. ಎಲ್ಲರೂ ತಲೆದೂಗಿದರು.

ಇಪ್ಪತ್ತು ವರ್ಷದ ಹಿಂದಿನ ಒಂದು ಬೆಳಿಗ್ಗೆ ಏಳನೇ ಸಾಲಿನ ಅಕ್ಕಯಮ್ಮ ಸೆರಗಿನಲ್ಲಿ ಚೊಂಬು ಮುಚ್ಚಿಕೊಂಡು ನಮ್ಮ ಮನೆಗೆ ಬಂದಳು. “ನಿಮ್ಮನೆಗೆ ಇವತ್ತೂ ಬಂದಿರಲ್ಲ ಕಣಮ್ಮಿ. ನಮ್ಗೆ ಅರ್ಧ ಬಿಂದ್ಗೆ ಬಂತು, ಅದ್ರಾಗೆ ಇಷ್ಟು ತಂದೀನಿ. ಬಿಂಕ ಮಾಡ್ಬೇಡ, ಈಸ್ಕೊ” ಎಂದಳು. ಬೇಡವೆಂದರೆ ಯಾಕೆ ಬೇಡ ಎಂಬ ಪ್ರಶ್ನೆ ಬರುತ್ತದೆ. ಚೊಂಬು ತೆಗೆದುಕೊಂಡು ಒಳಗೆ ಹೋದೆ. ಕೊಡ, ಹಂಡೆ, ಬಿಂದಿಗೆ ಎಲ್ಲವೂ ಕಂಠಮಟ್ಟ ತುಂಬಿದ್ದವು, ಸುರಿಯಲು ಜಾಗವಿರಲಿಲ್ಲ. ತುಂಬಿದ ಕೊಡದ ಮೇಲೆಯೇ ಸುರಿದೆ. ಅವಳ ಮಕ್ಕಳ ನೀರು ನನ್ನ ಕಾಲ ಮೇಲೆ ಹರಿದು ಬಚ್ಚಲಿಗೆ ಹೋಯಿತು. ಖಾಲಿ ಚೊಂಬನ್ನು ತಂದುಕೊಟ್ಟು, “ಅಕ್ಕಯಮ್ಮ, ಪುಣ್ಯ ಕಟ್ಟಿಕೊಂಡೆ” ಎಂದೆ.

ಮೊನ್ನೆ ಗೋಲನ್ನು ಚಿತ್ರಾವತಿಗೆ ಒಪ್ಪಿಸಬೇಕಿತ್ತು. ಒಪ್ಪಿಸುವ ಮೊದಲು ಹಳಬರು ಹೊಸಬರ ಕೈ ಹಿಡಿದು ಎಲ್ಲ ನಾಳಗಳ ಮೇಲೂ ಬರಿಗಾಲಲ್ಲಿ ನಡೆಸುತ್ತಾರೆ. ಹೋದ ವಾರ ಅವಳನ್ನು ಹಾಗೆ ನಡೆಸಿ ಮನೆಗೆ ಕರೆತಂದೆ. ಅವಳು ನೀರು ಕುಡಿಯಲು ಅಡಿಗೆಮನೆಗೆ ಹೋದವಳು ಒರಳಿನ ಪಕ್ಕದಲ್ಲೇ ನಿಂತುಬಿಟ್ಟಳು. “ಅಜ್ಜೀ, ಇಲ್ಲೂ ಹರೀತೈತಲ್ಲ!” ಎಂದಳು. ನನ್ನ ಅಪ್ಪನ ಅಂಗಾಲು ಅವಳಿಗೆ ಬಂದಿದೆ. ನಾನು ಎಲ್ಲವನ್ನೂ ಹೇಳಿದೆ, ಬೈಯುತ್ತಾಳೆಂದು ಕಾದೆ. ಅವಳು ನಕ್ಕಳು. “ಬಿಡಜ್ಜಿ, ಯಾರಿಗ್ ಗೊತ್ತಾಗ್ತದೆ? ಹಂಗೇ ಇರ್ಲಿ.” ಅಪ್ಪ ನನಗೆ ಬಿಟ್ಟು ಹೋದದ್ದು ಬಡಿಸುವ ಕೈಯ ಮಾತು. ನಾನು ಮೊಮ್ಮಗಳಿಗೆ ಬಿಟ್ಟು ಹೋಗುತ್ತಿದ್ದದ್ದು ಆ ನಗು.

ನಿಮಗೆ ಇದನ್ನು ಬರೆಯಲು ಕಾರಣವಿದೆ. ಪ್ರತಿ ವರ್ಷ ಶಾಲೆಗೆ ಹೋಗಿ ನಿಮ್ಮನ್ನು ಬೈದು ಬರುತ್ತಿದ್ದೆ. ಹಿಂದಿನವರು ಮೇಲೆ ಕೂತು ಮೊದಲೇ ಕುಡಿದರು, ಕೆಳಗಿನವರ ಕೊಡ ನೋಡಲಿಲ್ಲ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಆ ಮಾತು ಸುಳ್ಳಲ್ಲ. ಆದರೆ ಅದನ್ನು ಹೇಳುವ ಬಾಯಿ ನನ್ನದಲ್ಲ. ನಿಮಗಿನ್ನೂ ಕಾಲವಿದೆ, ನಿಮ್ಮ ಮನೆಯ ಒರಳುಕಲ್ಲನ್ನೂ ಒಮ್ಮೆ ಎತ್ತಿ ನೋಡಿ.

ಮೊನ್ನೆ ಬೆಳಿಗ್ಗೆ ಗೋಲು ಒಪ್ಪಿಸುವುದನ್ನು ನೋಡಲು ಊರೆಲ್ಲ ಸೇರಿದ್ದಾಗ ನಾನು ಒಳನಾಳವನ್ನು ಕಿತ್ತು ತಂದು ಕಟ್ಟೆಯ ಮೇಲೆ ಹಾಕಿದೆ. ಯಾವ ವರ್ಷ ಹಾಕಿದ್ದು, ಎಲ್ಲಿಂದ ಸೇದುತ್ತಿತ್ತು, ಎಲ್ಲವನ್ನೂ ಹೇಳಿದೆ. ಅಕ್ಕಯಮ್ಮ ಕೋಲೂರಿಕೊಂಡು ಮುಂದೆ ಬಂದಳು. “ಅವತ್ತು ನಿನ್ ಸೀರೆ ಅಂಚು ನೆಂದಿತ್ತು, ನೋಡ್ದೆ. ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ ಕಾದೆ. ಕಾದೂ ಕಾದೂ ನನ್ ಹಲ್ಲೇ ಉದ್ರೋದ್ವಲ್ಲೇ!” ಎಂದಳು. ಗೋಲನ್ನು ಅವಳ ಮಗಳು ಪಿನಾಕಿನಿಯ ಕೈಗೆ ಕೊಟ್ಟೆ. ಕಟ್ಟೆಯ ಮನೆಯನ್ನೂ ಬಿಟ್ಟುಕೊಟ್ಟು, ಊರು ಬಿಟ್ಟವರ ಖಾಲಿ ಮನೆಗೆ, ಏಳನೇ ಸಾಲಿನ ತುದಿಗೆ ಬಂದೆ. ಚಿತ್ರಾವತಿ ಜೊತೆಗೇ ಬಂದಿದ್ದಾಳೆ, ಆದರೆ ನನ್ನೊಡನೆ ಮಾತು ಬಿಟ್ಟಿದ್ದಾಳೆ.

ಪಿನಾಕಿನಿ ಐದನೇ ಸಾಲಿನ ತಿರುಪು ತೆರೆದ ಸದ್ದು ಈಗ ಕೇಳಿಸಿತು. ಕೊಡವನ್ನು ನಲ್ಲಿಯ ಕೆಳಗಿಟ್ಟು ಕೂತಿದ್ದೇನೆ.

ಮುನಿಗಂಗಮ್ಮ,
ಏಳನೇ ಸಾಲು, ಕೊನೆಯ ಮನೆ.