ಅಮ್ಮನ ಸಿಡಿ, ಅಪ್ಪನ ಟವೆಲ್

ಅಪ್ಪಾ,

ನಾನು ಕೆಲಸಕ್ಕೆ ಹೊರಟೆ. ಎದ್ದವರೇ ಕಂಪ್ಯೂಟರ್ ಹತ್ತಿರ ಹೋಗ್ತೀರಿ ಅಂತ ಗೊತ್ತು, ಅದಕ್ಕೇ ಸ್ಕ್ರೀನ್ ಮೇಲೇ ಚೀಟಿ ಅಂಟಿಸಿದ್ದೀನಿ.

ಸಿಡಿ ಹಾಕೋ ಡ್ರೈವ್ ಕೆಟ್ಟಿಲ್ಲ. ಒಳಗಿನ ವೈರ್ ಎರಡನ್ನೂ ಕಿತ್ತು ಮತ್ತೆ ಸಿಕ್ಕಿಸಿದೆ, ಸ್ಪೀಕರೂ ನೋಡಿದೆ. ಬೇರೆ ಸಿಡಿ ಹಾಕಿದರೆ ಚೆನ್ನಾಗೇ ಹಾಡುತ್ತೆ. ಗರಗರ ಅಂತ ಒದ್ದಾಡಿ ನಿಂತುಹೋಗೋದು ಅಮ್ಮ ಹಾಡಿದ ಸಿಡಿ ಒಂದೇ. ಬೆಳಕಿಗೆ ಹಿಡಿದೆ, ಮೈತುಂಬ ಗೀರು, ಎಲ್ಲಾ ಸುತ್ತ ಸುತ್ತ. ದಿನಾ ಹಾಕೋ ಮುಂಚೆ ಹೆಗಲ ಮೇಲಿನ ಟವೆಲಲ್ಲಿ ಗುಂಡಗೆ ಉಜ್ಜಬೇಡಿ ಅಂತ ಎಷ್ಟು ಬಡಕೊಂಡೆ! ಧೂಳು ಕೂತರೆ ಅವಳ ದನಿ ಕೆಡುತ್ತೆ ಅಂದ್ರಿ. ನಿಮ್ಮನ್ನ ಏನಂತ ಬೈಯಲಿ?

ಇನ್ನೊಂದು ಕಾಪಿ ಇಲ್ಲ. ಇನ್ಮೇಲೆ ಅದನ್ನ ಹಾಕಬೇಡಿ, ಒರೆಸಲೂಬೇಡಿ. ತಿಂಡಿ ಒಲೆ ಮೇಲಿದೆ.

ಗಂಟಲಿನ ಆಪರೇಷನ್ ಆದಮೇಲೆ ಅಮ್ಮನ ದನಿ ಉಳಿದಿದ್ದು ಅದೊಂದರಲ್ಲೇ. ಸಂಜೆ ಅವಳು ಕುರ್ಚಿ ಎಳಕೊಂಡು ಸ್ಪೀಕರ್ ಮುಂದೆ ಕೂತಾಗ, ವೈರ್ ಸಡಿಲ ಆಗಿದೆ, ಮಗಳು ಬಂದು ಸರಿ ಮಾಡ್ತಾಳೆ ಅನ್ನಿ. ನಾನು ಬಂದು ವೈರ್ ಬಿಚ್ಚೋದು, ಹಾಕೋದು ಮಾಡ್ತಾ ಕೂರ್ತೀನಿ, ಅವಳಿಗೆ ನಿದ್ದೆ ಬರೋವರೆಗೂ.