ಐದು ದೃಷ್ಟಿಬೊಟ್ಟು ಇಟ್ಟ ತಪ್ಪಿಗೆ

ಕಾಲೇಜಿನ ಆಟದ ಮೈದಾನದ ಸುರಕ್ಷತಾ ಕಚೇರಿಯಲ್ಲಿ ಕುಳಿತು, ನನ್ನ ಮುಖ ನೋಡದೆ ನನ್ನ ಮೇಲಿನ ಕಾಗದಕ್ಕೆ ಸಹಿ ಹಾಕಿದ ಮಾನ್ಯರೇ,

ಇವತ್ತು ಶನಿವಾರ, ತಿಮ್ಮಪ್ಪನ ಹೆಸರಿನ ಒಪ್ಪತ್ತು. ಬೆಳಿಗ್ಗೆ ಎದ್ದು ತಲೆಗೆ ನೀರು ಹಾಕಿಕೊಂಡು, ಅಡುಗೆಮನೆಯ ಕಪಾಟಿನಲ್ಲಿ ಕೂರಿಸಿರುವ ದೇವರಿಗೆ ದೀಪ ಹಚ್ಚಿದೆ. ಬಾಗಿಲಾಚೆ ಕಾರ್ಪೆಟ್ಟು ಇರುವುದರಿಂದ ರಂಗೋಲಿಯನ್ನು ಒಂದು ಹಾಳೆಯ ಮೇಲೆ ಬಿಟ್ಟು ಅಲ್ಲಿಟ್ಟೆ. ಪಾತ್ರೆ ತೊಳೆದೆ, ಮಗುವಿನ ಬಟ್ಟೆ ಮಡಿಸಿದೆ. ಇಷ್ಟಕ್ಕೆಲ್ಲ ನಿಮ್ಮ ಅಪ್ಪಣೆ ಬೇಕಿಲ್ಲ. ಆ ಬಟ್ಟೆಯನ್ನು ಮಗುವಿಗೆ ತೊಡಿಸಲು ಬೇಕು. ಅದು ಸಿಗದೆ ಇವತ್ತಿಗೆ ಇಪ್ಪತ್ತೆಂಟು ದಿನ. ನನ್ನ ದೂರು ಇಷ್ಟೇ: ನಾನು ನನ್ನ ಎರಡು ವರ್ಷದ ಮೊಮ್ಮಗಳು ಮೈಥಿಲಿಯ ಮೈಯನ್ನು ಐದು ಕಡೆ ಸುಟ್ಟಿದ್ದೇನೆಂದು ಶಂಕೆಯಿದೆ ಎಂದು ನಿಮ್ಮ ಕಚೇರಿ ಬರೆದಿದೆ. ಮಾನ್ಯರೇ, ನಾನು ಸುಟ್ಟದ್ದು ಸಬ್ಬಕ್ಕಿಯನ್ನು.

ನಾನು ಓದಿದ್ದು ಮದ್ದೂರಿನ ಕಡೆಯ ನಮ್ಮ ಹಳ್ಳಿಯಲ್ಲಿ ನಾಲ್ಕನೇ ಕ್ಲಾಸು. ಅರ್ಜಿ ಬರೆಯುವವರು ಮೊದಲು ದೂರು ಹೇಳಬೇಕು, ಆಮೇಲೆ ಕಥೆ ಹೇಳಬೇಕು, ಅಳುವುದನ್ನು ಮನೆಯಲ್ಲಿಟ್ಟುಕೊಳ್ಳಬೇಕು ಎಂದು ನಮ್ಮ ಮೇಷ್ಟ್ರು ಕಲಿಸಿದ್ದರು. ನಿಮಗೆ ಕನ್ನಡ ಬಾರದು ಎಂಬುದು ಗೊತ್ತಿದೆ. ನಿಮ್ಮ ಕಾಗದ ನನಗೂ ಓದಲು ಬರಲಿಲ್ಲ, ಅಲ್ಲಿಗೆ ಸರಿಸಮವಾಯಿತು. ನನ್ನ ಅಳಿಯ ಶಿವರಾಮು ಇಂಗ್ಲಿಷಿನಲ್ಲಿ ನಿಮಗೆ ಒಂದು ಪತ್ರ ಬರೆದಿದ್ದಾನೆ. ಅದರಲ್ಲಿ ಕ್ಷಮೆ ಎಂಬ ಮಾತು ನಾಲ್ಕು ಸಲ ಬಂದಿದೆಯಂತೆ, ಸಬ್ಬಕ್ಕಿ ಒಂದು ಸಲವೂ ಬಂದಿಲ್ಲವಂತೆ. ಅವನನ್ನು ದೂರುವುದಿಲ್ಲ. ಅವನು ನಿಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲೇ ಯಂತ್ರ ರಿಪೇರಿ ಮಾಡುವವನು. ನೀರಿನಲ್ಲಿದ್ದು ಮೊಸಳೆಯ ಜೊತೆ ಹಗೆ ಕಟ್ಟಿಕೊಳ್ಳಲು ಅವನಿಂದಾಗದು. ಅದಕ್ಕೇ ನಾನು ಇಲ್ಲಿನ ಕನ್ನಡ ಕೂಟದ ಪತ್ರಿಕೆಗೆ ಬರೆಯುತ್ತಿದ್ದೇನೆ. ಅದನ್ನು ನಡೆಸುವ ಶೇಷಾದ್ರಿಯವರು ಒಂದಕ್ಷರ ತಿದ್ದದೆ ಹಾಕುತ್ತೇನೆ ಎಂದಿದ್ದಾರೆ.

ಈಗ ಕಥೆ. ಶಿವರಾಮುವಿಗೆ ಅವನ ಮೇಲಿನವರು ನಿಮ್ಮ ಕಾಲೇಜಿನ ಫುಟ್‌ಬಾಲ್ ಆಟದ ಟಿಕೆಟ್ಟು ಕೊಟ್ಟರು. ನನ್ನ ಮಗಳು ಊರ್ಮಿಳಾಗೆ ಅವತ್ತು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಮಗುವಿಗೆ ಇದೇ ಮೊದಲ ಆಟ. ಅಳಿಯನಿಗೆ ಅವಳಿಗಿಂತ ಹೆಚ್ಚು ಸಂಭ್ರಮ, ವಾರಕ್ಕೆ ಮುಂಚೆಯೇ ಕಾಲೇಜಿನ ಬಣ್ಣದ ಪುಟ್ಟ ಸ್ವೆಟರು ತಂದಿಟ್ಟಿದ್ದ.

"ಅದೆಷ್ಟು ಜನ ಸೇರ್ತಾರಪ್ಪಾ?" ಎಂದೆ.

"ನಲವತ್ತು ಸಾವಿರದ ಮೇಲೆ ಕಣತ್ತೆ."

"ಎಲ್ಲಾ ಒಂದೇ ಕಡೆನಾ?"

"ಹೂಂ. ಸ್ಟೇಡಿಯಮ್ಮು ದೊಡ್ಡ ಬೋಗುಣಿ ಥರ ಇರುತ್ತೆ. ಎಲ್ಲಿ ಕೂತ್ರೂ ಎಲ್ರಿಗೂ ಎಲ್ರೂ ಕಾಣ್ತಾರೆ."

ಅವನು ಅದನ್ನು ಹೊಗಳಿಕೆಯಾಗಿ ಹೇಳಿದ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಲವತ್ತು ಸಾವಿರ ಜನವೆಂದರೆ ಎಂಬತ್ತು ಸಾವಿರ ಕಣ್ಣು. ದಿನಾ ಅಪಾರ್ಟ್‌ಮೆಂಟಿನ ಮೆಟ್ಟಿಲಿಳಿಯುವಾಗ ಕೆನ್ನೆಗೆ ಇಡುವ ಒಂದು ಬೊಟ್ಟು ಅಷ್ಟು ಕಣ್ಣಿಗೆ ಯಾವ ಮೂಲೆಗೆ? ಬಾಣಲೆಯಲ್ಲಿ ಸಬ್ಬಕ್ಕಿ ಹಾಕಿ ಇದ್ದಿಲಾಗುವ ತನಕ ಹುರಿದೆ. ಹೊಗೆ ಕಂಡು ಕೂಗುವ ಚಾವಣಿಯ ಡಬ್ಬಿ ಕೂಗಿತು, ಶಿವರಾಮು ಕುರ್ಚಿ ಹತ್ತಿ ಪೇಪರಿನಲ್ಲಿ ಬೀಸಿ ಅದರ ಬಾಯಿ ಮುಚ್ಚಿಸಿದ. ಸುಟ್ಟದ್ದಕ್ಕೆ ನೀರು ಹಾಕಿ ಕುದಿಸಿ, ಊರಿಂದ ತಂದ ಕರಟಕ್ಕೆ ಬಸಿದು, ಆರಿದ ಮೇಲೆ ಇಟ್ಟೆ: ಹಣೆಗೊಂದು, ಕೆನ್ನೆಗೊಂದು, ಎದೆಗೊಂದು, ಎರಡು ಅಂಗಾಲಿಗೆ ಒಂದೊಂದು. ಒಟ್ಟು ಐದು, ಒಂದೊಂದೂ ಅಡಿಕೆಯಗಲ. ಇದಕ್ಕೆ ನಮ್ಮಲ್ಲಿ ಸಾದು ಎನ್ನುತ್ತಾರೆ. ಒಣಗಿದರೆ ಮಿರಮಿರ ಹೊಳೆಯುತ್ತದೆ, ನೀರು ಬಿದ್ದರೆ ಕರಗಿಹೋಗುತ್ತದೆ. ನನ್ನವ್ವ ನನಗೆ ಇಟ್ಟಿದ್ದಳು. ನಾನು ಊರ್ಮಿಳಾಗೆ ಇಟ್ಟಿದ್ದೆ. ಅವಳೀಗ ಸೂಕ್ಷ್ಮದರ್ಶಕದಲ್ಲಿ ರಕ್ತ ನೋಡುವಷ್ಟು ದೊಡ್ಡವಳಾಗಿದ್ದಾಳೆ, ಸುಟ್ಟುಹೋಗಿಲ್ಲ.

ನಿಮ್ಮ ಮೈದಾನದ ಬಾಗಿಲಿಗೆ ಹೋಗುವಷ್ಟರಲ್ಲಿ ಹನ್ನೊಂದು ಜನ ನಿಂತು ಮಗುವನ್ನು ನೋಡಿ "ಕ್ಯೂಟ್" ಎಂದರು. ಆ ಒಂದು ಮಾತು ನನಗೂ ಅರ್ಥವಾಗುತ್ತದೆ. ಒಬ್ಬೊಬ್ಬರು ಅಂದಾಗಲೂ, ಇಟ್ಟದ್ದು ಸಾರ್ಥಕ ಎಂದುಕೊಂಡೆ. ಒಳಗೆ ನೋಡಿದರೆ ದೊಡ್ಡ ದೊಡ್ಡ ಗಂಡಸರು ಮುಖದ ಅರ್ಧಕ್ಕೊಂದು ಬಣ್ಣ, ಇನ್ನರ್ಧಕ್ಕೊಂದು ಬಣ್ಣ ಬಳಿದುಕೊಂಡು ಕೇಕೆ ಹಾಕುತ್ತಿದ್ದರು. ಆಮೇಲೆ ಆಟಗಾರರು ನಮ್ಮ ಸಾಲಿನ ಕೆಳಗೇ ಹಾದುಹೋದರು. ಮಾನ್ಯರೇ, ಅವರ ಕಣ್ಣಿನ ಕೆಳಗೆ, ಎರಡೂ ಕೆನ್ನೆಗೆ, ದಪ್ಪಗೆ ಕಪ್ಪು ಹಚ್ಚಿತ್ತು! ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ನೋಡು ಶಿವರಾಮು, ಇವರ ಮನೇಲೂ ಅಜ್ಜಿಯರವ್ರೆ" ಎಂದೆ. ಅದು ಬಿಸಿಲಿನ ಝಳ ಕಣ್ಣಿಗೆ ಹೊಡೆಯದಿರಲಿ ಎಂದು ಹಚ್ಚುವುದಂತೆ, ಅಳಿಯ ನಕ್ಕ. ಇರಲಿ. ನಿಮ್ಮ ಆಟಗಾರನ ಕಣ್ಣಿಗೆ ಬಿಸಿಲು ತಾಗದಿರಲಿ ಎಂದು ಹಚ್ಚಿದ ಕಪ್ಪಿಗೆ ಚಪ್ಪಾಳೆ, ನಮ್ಮ ಮಗುವಿಗೆ ಕಣ್ಣು ತಾಗದಿರಲಿ ಎಂದು ಹಚ್ಚಿದ ಕಪ್ಪಿಗೆ ವಿಚಾರಣೆ. ಅವರ ಅಜ್ಜಿಯರನ್ನು ಕರೆಸಿ ಕೇಳಿದಿರಾ? ಅರ್ಧ ಗಂಟೆಯಲ್ಲಿ, ಚೆಂಡು ಅವುಚಿಕೊಂಡು ಓಡುತ್ತಿದ್ದ ಆಟಗಾರನೊಬ್ಬನನ್ನು ಆರು ಜನ ಸೇರಿ ಕೆಡವಿದರು. ಮಂಚದ ಮೇಲೆ ಹೊತ್ತುಕೊಂಡು ಹೋಗುವಾಗ ಎಲ್ಲರೂ ಎದ್ದುನಿಂತು ಕೈತಟ್ಟಿದರು. ಆ ಆರು ಜನ ಇನ್ನು ಹೊರಗಿನವರ ಎದುರಿನಲ್ಲಿ ಮಾತ್ರ ಅವನನ್ನು ಮುಟ್ಟಬೇಕು ಎಂದು ಕಾಗದವೇನಾದರೂ ಹೋಯಿತೇ?

ಮಗು ಮೊದಮೊದಲು ಚೆನ್ನಾಗಿಯೇ ಇದ್ದಳು. ಚೆಂಡು ಕಂಡರೆ "ಬಾಲ್, ಅಜ್ಜಿ, ಬಾಲ್" ಎನ್ನುತ್ತಿದ್ದಳು. ಶಿವರಾಮು ಅವಳಿಗೆ ಬಿಸಿ ಹಾಲು ತರಲು ಕೆಳಗೆ ಹೋದ. ಅದೇ ಹೊತ್ತಿಗೆ ನಿಮ್ಮವರು ಗೆದ್ದರೋ ಏನೋ, ಆ ಬೋಗುಣಿಯೇ ಬಿರಿದ ಹಾಗೆ ಜನ ಕೂಗಿದರು, ವಾದ್ಯದವರು ನಮ್ಮ ಬೆನ್ನ ಹಿಂದೆಯೇ ನಗಾರಿ ಬಾರಿಸಿದರು. ಮಗು ಬೆಚ್ಚಿ, ಉಸಿರು ಕಟ್ಟುವ ಹಾಗೆ ಅತ್ತು, ಕುಡಿದದ್ದನ್ನೆಲ್ಲ ಸ್ವೆಟರಿನ ಮೇಲೆ ಕಕ್ಕಿದಳು. ಪಕ್ಕದ ಸೀಟಿನ ಟೋಪಿ ಹಾಕಿದ ಪುಣ್ಯಾತ್ಗಿತ್ತಿ ನಮ್ಮನ್ನು ಪ್ರಥಮ ಚಿಕಿತ್ಸೆಯ ಕೋಣೆಗೆ ಕರೆದುಕೊಂಡು ಹೋದಳು. ಅಲ್ಲಿನ ನಿಮ್ಮ ಹುಡುಗಿ ಒದ್ದೆ ಸ್ವೆಟರು, ಕಾಲುಚೀಲ ತೆಗೆದಳು. ಹಣೆ ಕೆನ್ನೆಯ ಬೊಟ್ಟನ್ನು ಆಟದ ಬಣ್ಣ ಎಂದುಕೊಂಡಿದ್ದಳೋ ಏನೋ. ಎದೆ, ಅಂಗಾಲು ನೋಡಿದ್ದೇ ಅವಳ ಮುಖ ಬಿಳುಚಿತು.

ಏನೋ ಕೇಳಿದಳು. ಕೇಳಿದ್ದು ಬೊಟ್ಟನ್ನು ತೋರಿಸಿ, ಅಷ್ಟು ತಿಳಿಯದವಳಲ್ಲ ನಾನು. ಬಾಯಿ ಇಲ್ಲದಿದ್ದರೇನು, ಕೈ ಇದೆಯಲ್ಲ ಎಂದು ಅಭಿನಯ ಮಾಡಿ ಹೇಳಿದೆ. ಒಲೆ ಹಚ್ಚಿದ್ದನ್ನು ತೋರಿಸಿದೆ. ಬಾಣಲೆ ಇಟ್ಟದ್ದನ್ನು ತೋರಿಸಿದೆ. ಹೊಗೆ ಎದ್ದದ್ದನ್ನು ಊದಿ ತೋರಿಸಿದೆ. ಆಮೇಲೆ ಬೆರಳನ್ನು ಬಾಣಲೆಯಿಂದೆತ್ತಿ ಮಗುವಿನ ಎದೆಗೆ ಒತ್ತಿ, "ಹೀಗೆ" ಎಂದೆ. ನಕ್ಕೆ ಬೇರೆ.

ಒಂದು ಸುಳ್ಳೂ ಹೇಳಲಿಲ್ಲ, ಮಾನ್ಯರೇ. ನಡೆದದ್ದನ್ನು ನಡೆದ ಹಾಗೆ ತೋರಿಸಿದೆ. ನನ್ನ ಮೇಲೆ ಸಾಕ್ಷಿ ಹೇಳಿದವಳು ನಾನೇ.

ಸೆರಗಿನ ತುದಿ ಎಂಜಲು ಮಾಡಿ ಒರೆಸಿ ತೋರಿಸೋಣವೆಂದು ಕೈ ಚಾಚಿದೆ. ಆ ಹುಡುಗಿ ನನ್ನ ಮಣಿಕಟ್ಟು ಹಿಡಿದು ದೂರ ಸರಿಸಿದಳು. ಒಂದು ಲೋಟ ನೀರು, ಮಾನ್ಯರೇ. ಒಂದು ಲೋಟ ನೀರು ಮಗುವಿನ ಎದೆಗೆ ಸೋಕಿದ್ದರೆ ಈ ಪತ್ರವೇ ಇರುತ್ತಿರಲಿಲ್ಲ. ಸುಟ್ಟ ಗಾಯವನ್ನು ಮುಟ್ಟಬಾರದಂತೆ. ಸಾದಿನ ಮೇಲೆ ಬಿಳಿ ಬಟ್ಟೆಯಿಟ್ಟು ಐದು ಕಡೆ ಅಂಟಿಸಿದರು. ಶಿವರಾಮು ಹಾಲಿನ ಲೋಟ ಹಿಡಿದು ಹುಡುಕಿಕೊಂಡು ಬರುವಷ್ಟರಲ್ಲಿ ಅರ್ಧ ಹಾಳೆ ಬರೆದಾಗಿತ್ತು.

"ಅದು ಸಾದು ಅಂತ ಹೇಳಪ್ಪ!"

"ಹೇಳ್ದೆ ಅತ್ತೆ. ಯಾಕೆ ಇಡ್ತೀರಿ ಅಂತ ಕೇಳ್ತಾವ್ರೆ."

"ಕಣ್ಣು ಬೀಳದೆ ಇರ್ಲಿ ಅಂತ."

"ಯಾರ ಕಣ್ಣು ಅಂತಾವ್ರೆ."

"ಇವರದೇ ಅನ್ನು!"

ಅವನು ಅದನ್ನು ಹೇಳಲಿಲ್ಲ. ತಲೆ ತಗ್ಗಿಸಿದ. ನಿಮ್ಮ ಹಾಳೆಯಲ್ಲಿ "ಜೊತೆಯಲ್ಲಿದ್ದ ವಯಸ್ಸಾದ ಹೆಂಗಸಿನಿಂದ ತೃಪ್ತಿಕರ ಉತ್ತರ ದೊರೆಯಲಿಲ್ಲ" ಎಂದು ಬರೆದಿರುವುದು ಅದೇ ತಲೆ ತಗ್ಗಿಸಿದ್ದನ್ನು. ಮತ್ತೆ, ನನಗೆ ಐವತ್ತು ವರ್ಷ. ಅದನ್ನೂ ಯಾರೂ ಕೇಳಲಿಲ್ಲ.

ಸಂಜೆ ಊರ್ಮಿಳಾ ಬಂದು, ಅಂಟಿಸಿದ್ದನ್ನೆಲ್ಲ ಕಿತ್ತು, ಮಗುವಿಗೆ ನೀರು ಹಾಕಿದಳು. ಐದೂ ತೊಳೆದುಹೋದವು. ಬದುಕಿದೆವು ಎಂದು ನಕ್ಕೆವು. ಸೋಮವಾರ ಸರ್ಕಾರದ ಕಡೆಯ ಹೆಂಗಸು ಮನೆಗೆ ಬಂದಳು. ಮಗುವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು, ಒಂದು ಕಲೆಯಿಲ್ಲ. ನಾನು ಕರಟ ತಂದು, ನನ್ನ ಕೈ ಮೇಲೆ ಒಂದು ಬೊಟ್ಟಿಟ್ಟು, ನಲ್ಲಿಯ ಕೆಳಗೆ ಹಿಡಿದು ತೋರಿಸಿದೆ. ಅವಳಿಗೆ ಅರ್ಥವಾಯಿತು, ನಕ್ಕಳು ಕೂಡ. ಆದರೆ ದೂರು ಕೊಟ್ಟ ಕಚೇರಿ ವಾಪಸು ತೆಗೆದುಕೊಳ್ಳುವ ತನಕ ಫೈಲು ಮುಚ್ಚಲು ಬರುವುದಿಲ್ಲ ಎಂದು ಹೇಳಿ ಹೋದಳು. ಶಿವರಾಮು ನಿಮ್ಮಲ್ಲಿಗೆ ಬಂದರೆ, ಗುರುತನ್ನು ಯಾಕೆ ತೊಳೆದಿರಿ ಎಂದು ನಿಮ್ಮವರು ಕೇಳಿದರಂತೆ. ಅಂದರೆ ಗುರುತು ಇದ್ದರೆ ನಾನು ಸುಟ್ಟವಳು, ಇಲ್ಲದಿದ್ದರೆ ಸಾಕ್ಷಿ ಅಳಿಸಿದವಳು. ಒಂದೇ ಸ್ನಾನಕ್ಕೆ ಕಲೆಯಿಲ್ಲದೆ ಮಾಯುವ ಸುಟ್ಟಗಾಯ ಯಾವುದಾದರೂ ನಿಮಗೆ ಗೊತ್ತಿದ್ದರೆ ದಯಮಾಡಿ ತಿಳಿಸಿ. ನಮ್ಮೂರಿನ ಒಲೆಯ ಮುಂದಿನ ಹೆಂಗಸರಿಗೆ ಅದು ಬಹಳ ಬೇಕಾಗಿದೆ.

ಆ ಫೈಲು ತೆರೆದಿರುವಷ್ಟು ದಿನವೂ ನಿಮ್ಮ ಕಾಗದದ ಷರತ್ತು ಜಾರಿಯಲ್ಲಿರುತ್ತದಂತೆ: ತಂದೆತಾಯಿಯೂ ವಿಚಾರಣೆಗೆ ಒಳಪಟ್ಟಿರುವುದರಿಂದ, ಮನೆಯವರಲ್ಲದ ಒಬ್ಬ ವಯಸ್ಕರು ಎದುರಿಗಿದ್ದರೆ ಮಾತ್ರ ಈ ಹೆಂಗಸು ಮಗುವನ್ನು ಮುಟ್ಟಬಹುದು. "ಮನೆಯೊಳಗೆ ಯಾರು ನೋಡ್ತಾರಪ್ಪ?" ಎಂದೆ. "ಮಗುನೇ ಡೇಕೇರ್‌ನಲ್ಲಿ ಹೇಳುತ್ತೆ ಕಣತ್ತೆ. ಈಗ ಅದ್ಕೆ ಎಲ್ಲಾ ಹೇಳೋಕೆ ಬರುತ್ತೆ" ಎಂದ ಶಿವರಾಮು. ಹೌದು, ಈಗ ಅವಳು ಡೇಕೇರಿಗೆ ಹೋಗುತ್ತಾಳೆ. ಅವಳನ್ನು ನೋಡಿಕೊಳ್ಳಲೆಂದೇ ಕಡಲು ದಾಟಿಸಿ ಕರೆಸಿಕೊಂಡ ನಾನು, ಹಗಲೆಲ್ಲ ಫ್ರೀಮಾಂಟಿನ ಈ ಎರಡು ಕೋಣೆಯಲ್ಲಿ ಅವಳ ಬಟ್ಟೆ ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸುತ್ತೇನೆ. ಸಂಕ್ರಾಂತಿಗೆ ಮುಂಚೆ ನಾನು ಊರಿಗೆ ಹೊರಡಬೇಕು. ಉಳಿದಿರುವುದು ಎರಡು ತಿಂಗಳಿಲ್ಲ.

ಬೆಳಿಗ್ಗೆ ಹೊರಡುವಾಗ ಮಗು ಅಭ್ಯಾಸಬಲದಿಂದ ನನ್ನ ಮುಂದೆ ಬಂದು ನಿಲ್ಲುತ್ತಾಳೆ. ಮುಖ ಓರೆ ಮಾಡಿ, ಕಣ್ಣು ಮುಚ್ಚಿ, ಎಡಗೆನ್ನೆ ಒಡ್ಡುತ್ತಾಳೆ. ಬೊಟ್ಟಿಗೆ. ನಾನು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತೇನೆ. "ಅವ್ವಾ, ಸದ್ಯಕ್ಕೆ ಬೇಡ" ಎನ್ನುತ್ತಾಳೆ ಊರ್ಮಿಳಾ. ಮಗು ಸ್ವಲ್ಪ ಹೊತ್ತು ಕಾದು, ಒಂದು ಕಣ್ಣು ತೆರೆದು, "ಅಜ್ಜಿ ಮ್ಯಾಡ್?" ಎಂದು ತನ್ನಮ್ಮನನ್ನು ಕೇಳುತ್ತಾಳೆ. ಸಿಟ್ಟೇ ಎಂದು. ಇದಕ್ಕೆ ತೃಪ್ತಿಕರ ಉತ್ತರವನ್ನು ನೀವೇ ಬರೆದು ಕಳಿಸಿ.

ಒಂದೊಂದು ದಿನ ದೀಪದ ಮುಂದೆ ಕೂತಾಗ ನನಗೇ ಅನುಮಾನ ಬರುತ್ತದೆ: ಸಾದು ಪೂರ್ತಿ ಆರಿತ್ತೇ? ಇಡುವಾಗ ಮಗು ಮುಖ ಕಿವುಚಿದಳಲ್ಲ, ಅದು ತಣ್ಣಗಿತ್ತೆಂದೋ, ಬಿಸಿಯಿತ್ತೆಂದೋ? ಮೂವತ್ತು ವರ್ಷ ಮಕ್ಕಳನ್ನು ಮೀಯಿಸಿದ ಕೈಯನ್ನು ನಾನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುವ ಹಾಗೆ ಮಾಡಿದಿರಿ. ಎಂಬತ್ತು ಸಾವಿರ ಕಣ್ಣಿಗೆ ಐದು ಬೊಟ್ಟು ಸಾಕಾಯಿತು, ಮಗುವಿಗೆ ಏನೂ ಆಗಲಿಲ್ಲ. ತಾಗಿದ್ದು ನನಗೆ. ನನಗೆ ನಾನು ಬೊಟ್ಟು ಇಟ್ಟುಕೊಂಡಿರಲಿಲ್ಲ.

ಬೇಡಿಕೆ ಒಂದೇ. ಆ ಹಾಳೆಯ ಮೇಲೆ "ಇದು ಸಬ್ಬಕ್ಕಿ" ಎಂದು ಬರೆದು ಸಹಿ ಹಾಕಿ. ನಂಬಿಕೆ ಇಲ್ಲದಿದ್ದರೆ ನೀವೇ ಬನ್ನಿ. ಕರಟ ಇಟ್ಟುಕೊಂಡು ಕಾದಿದ್ದೇನೆ. ನಿಮ್ಮ ಎರಡೂ ಕೆನ್ನೆಗೆ ಇಡುತ್ತೇನೆ, ಸುಟ್ಟರೆ ನನ್ನನ್ನು ಯಾವ ಜೈಲಿಗಾದರೂ ಕಳಿಸಿ. ಸುಡದಿದ್ದರೆ ಒಂದು ಲೋಟ ನೀರು ಕೊಡುತ್ತೇನೆ, ಮುಖ ತೊಳೆದುಕೊಂಡು ಹೋಗಿ ಆ ಫೈಲು ಮುಚ್ಚಿಸಿ.

ಇಂತಿ,
ನಿಮ್ಮ ಹಾಳೆಯಲ್ಲಿ ಹೆಸರಿಲ್ಲದ ಆ ವಯಸ್ಸಾದ ಹೆಂಗಸು,
ಮನೆಯಲ್ಲಿ ಅಜ್ಜಿ, ಸದ್ಯಕ್ಕೆ ದೂರದಿಂದ,
ಭದ್ರಮ್ಮ
ಫ್ರೀಮಾಂಟ್, ೧೫ ನವೆಂಬರ್ ೧೯೮೬

ಪತ್ರಿಕೆ ಓದುವವರಲ್ಲಿ ಒಂದು ಮಾತು: ಅಳಿಯನ ಪತ್ರಕ್ಕೆ ಉತ್ತರವನ್ನು ಆ ಕಚೇರಿಯವರು ಅಂಚೆಯಲ್ಲಿ ಕಳಿಸುವುದಿಲ್ಲವಂತೆ, ವಾರದ ದಿನ ಹತ್ತರಿಂದ ನಾಲ್ಕರೊಳಗೆ ಅವರ ಕಿಟಕಿಯಲ್ಲೇ ಇಸಿದುಕೊಳ್ಳಬೇಕಂತೆ. ಆ ಹೊತ್ತಿಗೆ ಮಗಳು ಕೆಲಸದಲ್ಲಿರುತ್ತಾಳೆ. ಅಳಿಯ ಇನ್ನೊಂದು ಸಲ ಆ ಕಿಟಕಿಯ ಮುಂದೆ ನಿಲ್ಲಲಾರ. ನನಗೆ ದಾರಿ ಗೊತ್ತಿಲ್ಲ. ಆ ಕಡೆ ಹೋಗುವವರು ಯಾರಾದರೂ ಅದನ್ನು ತಂದುಕೊಡಿ. ಆಗುವುದಿಲ್ಲ ಎಂದು ಬರೆದಿದ್ದರೂ ತನ್ನಿ. ಸಂಜೆ ಆರರ ಮೇಲೆ ಬನ್ನಿ, ಆಗ ಮಗು ಮನೆಯಲ್ಲಿರುತ್ತಾಳೆ. ಬಾಗಿಲಲ್ಲೇ ಕೊಟ್ಟು ಹೋಗಬೇಡಿ, ಒಳಗೆ ಬಂದು ಕೂತು ಓದಿ ಹೇಳಿ. ನಿಧಾನವಾಗಿ ಓದಿ. ನೀವು ಹೊರಗಿನವರು, ನೀವು ಎದುರಿಗಿರುವಷ್ಟು ಹೊತ್ತು ನಾನು ಅವಳನ್ನು ಎತ್ತಿಕೊಂಡಿರಬಹುದು.